ಬಿಗಿ

ಭಾನುವಾರ, ಮಧ್ಯಾಹ್ನ

ಪ್ರೀತಿಯ ಅಕ್ಕ,

ಇವತ್ತು ಬೆಳಿಗ್ಗೆ ಎದ್ದಾಗ ನನ್ನ ಕೆನ್ನೆಯ ಕೆಳಗೆ ಒಂದು ಟವೆಲ್ ಇತ್ತು. ಮಲಗುವಾಗ ಇರಲಿಲ್ಲ. ನಿದ್ದೆಯಲ್ಲಿ ಹುಳಿನೀರು ಗಂಟಲಿಗೆ ಬಂದು ದಿಂಬು ಒದ್ದೆಯಾಗುವುದು ಯಾರಿಗೂ ಗೊತ್ತಿಲ್ಲ ಅಂದುಕೊಂಡಿದ್ದೆ. ಅಮ್ಮ ಯಾವಾಗ ಬಂದು ಹಾಸಿದಳೋ.

ತೂಕ ಈಗ ಎಷ್ಟು ಎಂದು ಹೋದ ಕಾಗದದಲ್ಲಿ ನೀನು ಕೇಳಿದ್ದೆ. ಆಪರೇಷನ್ ಆದ ಮೊದಲ ವರ್ಷ ಇಳಿದದ್ದರಲ್ಲಿ ಅರ್ಧ ವಾಪಸ್ಸು ಬಂದಿದೆ. ಒಳಗೆ ಜಠರದ ಮೇಲ್ಭಾಗಕ್ಕೆ ಪಟ್ಟಿ ಕಟ್ಟಿದರೆ ತಿನ್ನುವುದು ಕಡಿಮೆಯಾಗಿ ಎಲ್ಲ ಸರಿಹೋಗುತ್ತದೆ ಎಂದು ನಂಬಿದ್ದೆವಲ್ಲ. ಬ್ರೆಡ್ಡಿನ ಒಂದು ತುಂಡು ಎದೆಯಲ್ಲಿ ಕಲ್ಲಾಗಿ ಕೂರುತ್ತದೆ. ಐಸ್‌ಕ್ರೀಮ್ ಮಾತ್ರ ನುಣ್ಣಗೆ ಇಳಿದುಹೋಗುತ್ತದೆ. ಹಾಗಾಗಿ ಅದನ್ನೇ ತಿಂದೆ. ಲೈಬ್ರರಿಯಲ್ಲಿ ಜೊತೆಗೆ ಕೆಲಸ ಮಾಡುವವರೆಲ್ಲ ಊಟಕ್ಕೆ ಕೂತಾಗ ನಾನು ನಲ್ಲಿ ಜೋರಾಗಿ ಬಿಟ್ಟುಕೊಂಡು ಬಚ್ಚಲಲ್ಲಿ ಬಗ್ಗಿ ನಿಂತಿರುತ್ತೇನೆ.

ನಮ್ಮಮ್ಮನ ದರ್ಜಿ ಬುದ್ಧಿ ನಿನಗೆ ಗೊತ್ತೇ ಇದೆ. ಮೊದಲ ವರ್ಷ ನನ್ನ ಬಟ್ಟೆಗಳನ್ನೆಲ್ಲ ಹಿಡಿದು ಹೊಲಿದಳು. ಒಳಗೆ ಬಿಟ್ಟಿದ್ದ ಅಂಚನ್ನೂ ಕತ್ತರಿಸಿ ಎಸೆದಳು, ಇನ್ನು ಇದ್ಯಾಕೆ ಬೇಕು, ಆ ಕಾಲ ಮುಗೀತು ಅಂತ. ಹೊಲಿಸಲು ಬಂದವರು ಮಗಳು ಕಡ್ಡಿ ಆಗ್ಬಿಟ್ಲಲ್ಲ, ಏನು ತಿನ್ನಿಸ್ತೀರಿ ಅಂದರೆ, ಏನೂ ತಿನ್ನಿಸಲ್ಲ ಕಣ್ರೀ, ಅದೇ ಗುಟ್ಟು ಅಂತ ನಗುತ್ತಿದ್ದಳು. ಅಪ್ಪ ಹೋದಮೇಲೆ ಅವಳು ಹಾಗೆ ನಕ್ಕಿದ್ದನ್ನು ನಾನು ನೋಡಿರಲಿಲ್ಲ.

ತೂಕ ಏರತೊಡಗಿದಾಗ ಅವಳಿಗೆ ಹೊಳೆದದ್ದು ಒಂದೇ: ಪಟ್ಟಿ ಸಡಿಲ ಆಗಿದೆ, ಬಿಗಿ ಮಾಡಿಸಿದ್ರೆ ಆಯ್ತು. ಡಾಕ್ಟರಿಗೂ ಹಾಗೇ ಹೇಳಿದಳು. ತಿಂದದ್ದು ಒಳಗೆ ನಿಲ್ಲುತ್ತಿದೆಯಾ ಎಂದು ಅವರು ನನ್ನನ್ನು ಕೇಳಿದರು. ಅಮ್ಮನ ಮುಖ ನೋಡಿ ಹೂಂ ಎಂದೆ. ಪಟ್ಟಿಗೆ ಕೊಳವೆಯಿಂದ ಜೋಡಿಸಿ ಚರ್ಮದಡಿ ಇಟ್ಟಿರುವ ಬಿಲ್ಲೆಗೆ ಸೂಜಿ ಚುಚ್ಚಿ ಉಪ್ಪುನೀರು ತುಂಬಿದರು, ಪಟ್ಟಿ ಉಬ್ಬಿ ಬಿಗಿಯಾಯಿತು. ವಾಂತಿ ಹೆಚ್ಚಿತು, ಐಸ್‌ಕ್ರೀಮ್ ಹೆಚ್ಚಿತು, ತೂಕವೂ. ಮತ್ತೆ ಹೋದೆವು. ಮತ್ತೆ ಬಿಗಿ.

ಮೊನ್ನೆ ಡಾಕ್ಟರ ಬಳಿ ಒಬ್ಬಳೇ ಹೋಗಿ ಎಲ್ಲ ಹೇಳಿದೆ. ಎಕ್ಸ್‌ರೇ ನೋಡಿ ಪಟ್ಟಿ ಜಾರಿದೆ ಎಂದರು. ನೀರನ್ನು ಅಲ್ಲೇ ಹೀರಿ ತೆಗೆದರೂ ಹುಳಿ ನಿಂತಿಲ್ಲ. ಇನ್ನೊಂದು ಆಪರೇಷನ್ ಮಾಡಿ ಅದನ್ನೇ ಸರಿಯಾಗಿ ಕೂರಿಸಬಹುದು, ಇಲ್ಲವೇ ಪೂರ್ತಿ ತೆಗೆಯಬಹುದು. ತೆಗೆದರೆ ಇಳಿದದ್ದೆಲ್ಲ ಬಹುಶಃ ವಾಪಸ್ಸು ಬರುತ್ತದಂತೆ. ಮತ್ತೆ ಅದೇ ಮಂಡಿನೋವು, ಮೆಟ್ಟಿಲಲ್ಲಿ ಏದುಸಿರು, ಬಸ್ಸಿನಲ್ಲಿ ಪಕ್ಕದವರು ಮುಖ ಸಿಂಡರಿಸಿ ಸರಿದು ಕೂರುವುದು. ಬೇರೆ ಥರದ ಆಪರೇಷನ್‌ಗಳೂ ಇವೆ, ಆಮೇಲೆ ನೋಡೋಣಮ್ಮ ಅಂದರು. ನನಗೆ ಆ ಆಮೇಲೆ ಎನ್ನುವುದು ಕಾಣಿಸುತ್ತಲೇ ಇಲ್ಲ ಅಕ್ಕ.

ತೆಗೆದುಬಿಡಿ ಎಂದೆ. ನಾಳೆ ಆಸ್ಪತ್ರೆಗೆ ಸೇರಿಕೊಳ್ಳಬೇಕು. ಇದು ನಿನ್ನ ಕೈ ಸೇರುವಷ್ಟರಲ್ಲಿ ಆಗಿಹೋಗಿರುತ್ತದೆ. ಧೈರ್ಯದಿಂದ ಹೇಳಿದ್ದಲ್ಲ, ಸಾಕಾಗಿ ಹೇಳಿದ್ದು.

ನಿನ್ನ
ದುಂಡಿ

ಮರೆತೆ: ನಾಳೆ ಇನ್ನೊಂದು ಸಲ ಬಿಗಿ ಮಾಡುತ್ತಾರೆ ಎಂದೇ ಅಮ್ಮ ತಿಳಿದಿದ್ದಾಳೆ. ಈ ಸಲ ಸರಿಹೋಗುತ್ತೆ ನೋಡ್ತಿರು ಅಂತ ಬೆಳಿಗ್ಗೆಯಿಂದ ಹಾಡು ಗುನುಗುತ್ತಾ, ನನ್ನ ಮೈಗೀಗ ಹತ್ತದ ಅಳತೆಯಲ್ಲಿ ಹೊಸ ಅಂಗಿ ಕತ್ತರಿಸುತ್ತಿದ್ದಾಳೆ. ಒಂದು ತೋಳು ಇನ್ನೂ ಬಾಕಿ ಇದೆ. ಅವಳು ಅದಕ್ಕೆ ಕತ್ತರಿ ಹಾಕುವ ಮೊದಲು ಹೋಗಿ ಹೇಳುತ್ತೇನೆ.