ಇಸ್ತ್ರಿ ಹಾಕದ ಬೇಸ್

ಫೆಬ್ರುವರಿ 7, 2006, ಮಂಗಳವಾರ

ಟ್ರಾಮ್ ಓಡಿಸುವ ಬೆಳಗಿನ ಪಾಳಿ ಮುಗಿಸಿ ಬಂದೆ. ಯೂನಿಫಾರ್ಮ್ ಕೂಡ ಬಿಚ್ಚದೆ ಕಂಪ್ಯೂಟರ್ ಮುಂದೆ ಕೂತೆ. ಮತ್ತೆ ತಾಳದ ಅದೇ ಎಂಟು ಆವರ್ತ. ಇನ್ನೂ ಸರಿಹೋಗಿಲ್ಲ.

ನಮ್ಮ ಕ್ರಾಯ್ಡನ್ನಿನಲ್ಲಿ ಟ್ರ್ಯಾಕ್ ಮಾಡುವ ಎಲ್ಲರ ಬೇಸೂ, ಅಡಿಯ ಆ ದಪ್ಪ ಸದ್ದು, ಒಂದೇ ಥರ. ವಾಂವ್ ವಾಂವ್ ವಾಂವ್ — ಮೊದಲಿಂದ ಕೊನೆವರೆಗೆ ಒಂದೇ ವೇಗ. ಟೇಬಲ್ ಫ್ಯಾನಿನ ಮುಂದೆ ಬಾಯಿ ತೆರೆದು ಕೂತ ಹಾಗೆ. ಆ ನಡುಕದ ವೇಗಕ್ಕೆ, ಸದ್ದು ಹುಟ್ಟಿಸುವ ಸಿಂಥ್‌ನಲ್ಲಿ ಒಂದು ಗುಂಡಿ ಇದೆ. ಒಮ್ಮೆ ತಿರುಗಿಸಿ ಬಿಟ್ಟರೆ ಮತ್ತೆ ಅದನ್ನು ಮುಟ್ಟುವವರಿಲ್ಲ. ನಾನು ಆ ಗುಂಡಿಗೇ ಒಂದು ಗೆರೆ ಎಳೆಯುತ್ತಿದ್ದೇನೆ, ಪರದೆಯ ಮೇಲೆ, ಮೌಸ್ ಹಿಡಿದು, ಚುಕ್ಕಿ ಚುಕ್ಕಿಯಾಗಿ. ಗೆರೆ ಏರಿದರೆ ನಡುಕ ಚುರುಕು. ಇಳಿದರೆ ನಿಧಾನ. ನಡುವೆ ಒಂದು ಕಡೆ ಗೆರೆಯನ್ನು ನೆಲಕ್ಕೇ ಇಳಿಸಿದ್ದೇನೆ. ಬೇಸ್ ಒಂದು ಸಲ ಬಾಯಿ ತೆರೆದು ಮುಚ್ಚುವಷ್ಟರಲ್ಲಿ ಎರಡು ಆವರ್ತ ಕಳೆಯುತ್ತದೆ.

ಜಾರ್ಜ್ ಸ್ಟ್ರೀಟ್ ತಿರುವಿನಲ್ಲಿ ಟ್ರಾಮ್ ನಿಧಾನ ಮಾಡಿದಾಗ ನಿಂತವರೆಲ್ಲ ಒಟ್ಟಿಗೆ ಮುಂದಕ್ಕೆ ವಾಲುತ್ತಾರೆ. ವೇಗ ಹೆಚ್ಚಿಸಿದಾಗ ಪೇಪರಿನಿಂದ ಯಾರೂ ತಲೆ ಎತ್ತುವುದಿಲ್ಲ. ಮೈಗೆ ತಿಳಿಯುವುದು ನಿಧಾನವೇ. ಇದನ್ನು ಯಾರಿಗೆ ಹೇಳಲಿ...

ಫೆಬ್ರುವರಿ 11, ಶನಿವಾರ

ಮುಗಿಯಿತು.

ಜರ್ಮೇನ್ ಬಂದಿದ್ದ. ಸ್ಕೂಲಿನ ದಿನಗಳಿಂದ ಜೊತೆಗಿರುವವನು. ಟ್ರ್ಯಾಕಿನ ಡ್ರಮ್ ಪೂರ್ತಿ ಅವನದು. ಬೇಸ್ ಪೂರ್ತಿ ನನ್ನದು. ಮಂಚದ ಮೇಲೆ ಕೂತು ಕಣ್ಣು ಮುಚ್ಚಿ ಕೇಳಿದ. ನಿಧಾನದ ಜಾಗ ಬಂದಾಗ ಕಣ್ಣು ತೆರೆದ.

"ಮಾರ್ವಾ, ಇದೇನು, ನಿಂತೇ ಹೋಯ್ತು?"

"ನಿಂತಿಲ್ಲ. ಕಾಯಿ."

ಕಾದ. ಬೇಸ್ ವಾಪಸ್ ಬಂತು. ಕಪಾಟಿನ ಬಾಗಿಲು ಗಡಗಡ ಎಂದಿತು. ಅವನು ಬಗ್ಗಿ ಮೊದಲಿಂದ ಹಾಕಿದ. ಅಷ್ಟು ಸಾಕು.

ಅಮ್ಮ ಕೆಳಗಿನಿಂದ ಕೂಗಿದಳು. "ಏನೇ ಅದು? ಕರು ಕಳ್ಕೊಂಡ ಹಸು ಥರ ಒಂದೇ ಸಮ ಕೂಗ್ತಿದೆ?"

"ಬೇಸ್ ಅಮ್ಮಾ."

"ಹಂಗಾದ್ರೆ ಬೇಗ ಕರು ಹುಡುಕಿಕೊಡಿ ಅದಕ್ಕೆ."

ಜರ್ಮೇನ್ ಟ್ರ್ಯಾಕಿನ ಫೈಲನ್ನೇ ಕಾಪಿ ಮಾಡಿಕೊಂಡು ಹೋದ. ಪ್ರೋಸರ್‌ಗೆ ಕೇಳಿಸುತ್ತಾನಂತೆ. ಸರ್ರೀ ಸ್ಟ್ರೀಟ್ ಮಾರ್ಕೆಟಿನ ಹಿಂದೆ ಪ್ರೋಸರನ ರೆಕಾರ್ಡ್ ಅಂಗಡಿ. ರೆಕಾರ್ಡ್ ಹೊರತರುವ ಲೇಬಲ್ ಕೂಡ ಅವನದೇ. ಈ ಕಡೆಯ ಹುಡುಗರ ಟ್ರ್ಯಾಕ್ ರೆಕಾರ್ಡ್ ಆಗಬೇಕೆಂದರೆ ಅವನು ತಲೆ ಆಡಿಸಬೇಕು. ಹುಡುಗಿಯರದ್ದು ಇದುವರೆಗೆ ಒಂದೂ ಆಗಿಲ್ಲ.

ಫೆಬ್ರುವರಿ 22, ಬುಧವಾರ

ಪ್ರೋಸರ್ ಕರೆಸಿದ್ದ. ಇಬ್ಬರೂ ಹೋದೆವು.

ಹೊರತರುತ್ತಾನಂತೆ. ಜರ್ಮೇನ್ ನನ್ನ ಭುಜ ಎಷ್ಟು ಜೋರಾಗಿ ಹಿಡಿದನೆಂದರೆ ಈಗಲೂ ನೋಯುತ್ತಿದೆ. ಆಮೇಲೆ ಪ್ರೋಸರ್ ಚಹಾ ಕಲಕುತ್ತಾ ಹೇಳಿದ — ಎರಡು ಸಣ್ಣ ವಿಷಯ ಅಂತ.

"ನಡುವೆ ಆ ನಿಧಾನದ ಜಾಗ ಇದೆಯಲ್ಲ, ಅದನ್ನ ತೆಗೀರಿ. ಉದ್ದಕ್ಕೂ ಒಂದೇ ವೇಗ ಇರಲಿ. ಕುಣಿಯೋರು ಅಲ್ಲಿ ನಿಂತ್ಬಿಡ್ತಾರೆ."

"ನಿಲ್ಲಲಿ," ಎಂದೆ.

ನಕ್ಕ. ನಾನು ತಮಾಷೆ ಮಾಡಿದೆ ಅಂದುಕೊಂಡ. "ಇನ್ನೊಂದು, ಹೆಸರು. ಜರ್ಮೇನ್ ಒಬ್ಬನದೇ ಹಾಕ್ತೀನಿ. ಬೇಜಾರಾಗ್ಬೇಡಮ್ಮಾ. ಹುಡುಗಿ ಹೆಸರು ಇದ್ರೆ ಹಾಡು ಹೇಳೋಳು ಅಂದ್ಕೋತಾರೆ. ಹಾಡು ಇಲ್ಲ ಅಂದ್ಮೇಲೆ ಅಂಗಡೀಗೆ ವಾಪಸ್ ತರ್ತಾರೆ."

ಜರ್ಮೇನ್ ನೆಲ ನೋಡುತ್ತಿದ್ದ. ನಾನು ಅವನನ್ನೇ ನೋಡಿದೆ. ನೆಲದ ಮೇಲೆ ಏನೂ ಇರಲಿಲ್ಲ.

"ಯೋಚನೆ ಮಾಡ್ತೀವಿ," ಎಂದ ಅವನು. ನನ್ನ ಪರವಾಗಿ.

ನಾನು ಯೋಚನೆ ಮಾಡುವುದಿಲ್ಲ. ಗೆರೆ ಇರುತ್ತದೆ. ಹೆಸರೂ ಇರುತ್ತದೆ.

ಮಾರ್ಚ್ 5, ಭಾನುವಾರ

ರೇಡಿಯೋ ಆರಿಸಿ ಬಂದು ಬರೆಯುತ್ತಿದ್ದೇನೆ.

ಚರ್ಚಿನಿಂದ ಬಂದು ಅಮ್ಮ ಟೋಪಿ ಕೂಡ ತೆಗೆಯದೆ ಬಾಳೆಹಣ್ಣು ಹುರಿಯುತ್ತಿದ್ದಳು. ಕಿಟಕಿಯ ಮೇಲೆ ರೇಡಿಯೋ. ಭಾನುವಾರ ಮಧ್ಯಾಹ್ನ ಜರ್ಮೇನ್‌ನ ಪ್ರೋಗ್ರಾಂ. ನಮ್ಮ ನೆರೆಯ ಲಿಂಟನ್ ಅಂಕಲ್‌ನ ಕಳ್ಳ ರೇಡಿಯೋ ಸ್ಟೇಷನ್ನಿನಲ್ಲಿ. ಲೈಸೆನ್ಸ್ ಇಲ್ಲದಿದ್ದರೂ ನಮ್ಮ ಥಾರ್ನ್‌ಟನ್ ಹೀತ್‌ನ ಅರ್ಧ ಅಡುಗೆಮನೆಗಳಲ್ಲಿ ಅದೇ ಕೇಳಿಸುವುದು.

ನಮ್ಮ ಟ್ರ್ಯಾಕ್ ಶುರುವಾಯಿತು. ಅವನ ಡ್ರಮ್. ನನ್ನ ಬೇಸ್... ಅಲ್ಲ. ವಾಂವ್ ವಾಂವ್ ವಾಂವ್ ವಾಂವ್. ಒಂದೇ ವೇಗ. ಏರಿಲ್ಲ, ಇಳಿದಿಲ್ಲ. ನಿಧಾನದ ಜಾಗ ಬರಲೇ ಇಲ್ಲ. ಜರ್ಮೇನ್ ಗೆರೆ ಪೂರ್ತಿ ಅಳಿಸಿಹಾಕಿದ್ದಾನೆ.

ಅಮ್ಮ ಸೌಟು ಹಿಡಿದು ನಿಂತಳು. "ಇದು ನಿಂದಲ್ವಾ?"

"ಹೂಂ."

"ಯಾರೋ ಇಸ್ತ್ರಿ ಹಾಕ್ಬಿಟ್ಟಿದ್ದಾರಲ್ಲೇ ಇದಕ್ಕೆ."

ಇಷ್ಟು ದಿನ ಬೈಯುತ್ತಲೇ ಎಲ್ಲ ಕೇಳಿಸಿಕೊಂಡಿದ್ದಾಳೆ! ಮೈಕಿನಲ್ಲಿ ಜರ್ಮೇನ್ ಹೇಳಿದ: ನನ್ನ ಹೊಸ ಟ್ರ್ಯಾಕ್, ಸದ್ಯದಲ್ಲೇ ರೆಕಾರ್ಡ್ ಬರ್ತಿದೆ. ನನ್ನ, ಅಂದ.

ಮಾರ್ಚ್ 6, ಸೋಮವಾರ

ಅವನ ಮನೆಗೆ ಹೋದೆ. ಒಳಗೆ ಕರೆದ, ಹೋಗಲಿಲ್ಲ. ಬಾಗಿಲಲ್ಲೇ ಕೇಳಿದೆ.

"ಕೇಳ್ದೇ ಮಾಡಿದ್ದು ತಪ್ಪು," ಎಂದ. "ಕೇಳಿದ್ರೆ ನೀನು ಬೇಡ ಅಂತಿದ್ದೆ."

"ಬೇಡ ಅನ್ನೋಕ್ಕೇ ಕೇಳೋದು ಕಣೋ."

"ಮಾರ್ವಾ, ಇದು ನಮ್ಮ ಮೊದಲ್ನೇ ರೆಕಾರ್ಡು. ಮೊದಲ್ನೇದು ಅವನಿಗೆ ಬೇಕಾದ ಹಾಗೆ ಮಾಡೋಣ. ಎರಡನೇದು ನಿನಗೆ ಬೇಕಾದ ಹಾಗೆ."

"ನಮ್ಮ ರೆಕಾರ್ಡಾ? ಯಾರ ಹೆಸರು ಇರುತ್ತೆ ಅದರ ಮೇಲೆ?"

ಅವನಿಗೂ ಸಿಟ್ಟು ಬಂತು. "ನಿಂಗೆ ಟ್ರಾಮ್ ಇದೆ. ಯೂನಿಫಾರ್ಮ್, ಪೆನ್ಷನ್ ಎಲ್ಲ ಇದೆ. ನಂಗೆ ಏನಿದೆ? ಇದೊಂದೇ. ನಿನ್ನ ಆ ಡೊಂಕು ಗೆರೆಗೋಸ್ಕರ ನಾನು ಹಾಳಾಗ್ಬೇಕಾ?"

ಅವನು ಹೇಳಿದ್ದು ಸುಳ್ಳಲ್ಲ. ಸುಳ್ಳಲ್ಲದ್ದಕ್ಕೂ ಬೇಡ ಎನ್ನಬಹುದು. ಅಂದೆ. ಬಂದೆ.

ಮಾರ್ಚ್ 18, ಶನಿವಾರ

ಇಷ್ಟು ದಿನ ಬರೆಯಲಿಲ್ಲ. ಪಾಳಿ, ನಿದ್ದೆ, ಪಾಳಿ. ಜರ್ಮೇನ್ ಫೋನ್ ಎತ್ತುತ್ತಿಲ್ಲ. ಟ್ರ್ಯಾಕ್ ಇಬ್ಬರದೆಂದು ಪ್ರೋಸರ್‌ಗೆ ಗೊತ್ತು. ಹಾಗಾಗಿ ಒಪ್ಪಂದಕ್ಕೆ ನನ್ನ ಸಹಿಯೂ ಬೇಕು. ಇವತ್ತು ಅಂಗಡಿಗೆ ಬರಲು ಹೇಳಿದ್ದ.

ಮಧ್ಯಾಹ್ನ. ಅಂಗಡಿ ತುಂಬ ಹುಡುಗರು. ನಾನು ಒಳಗೆ ಕಾಲಿಟ್ಟಾಗ ಅದೇ ಓಡುತ್ತಿತ್ತು, ಇಸ್ತ್ರಿ ಹಾಕಿದ್ದು. ಎಲ್ಲರೂ ತಲೆ ಆಡಿಸುತ್ತಿದ್ದರು. ಕೌಂಟರಿಗೆ ಒರಗಿದ್ದ ಒಬ್ಬ ಮುಖ ಸಿಂಡರಿಸಿಕೊಂಡು ಕುಣಿಯುತ್ತಿದ್ದ. ತುಂಬ ಇಷ್ಟವಾದಾಗ ಹಾಗೆ ಮುಖ ಮಾಡುವುದು.

ಇಲ್ಲಿ ಸುಳ್ಳು ಬರೆದು ಪ್ರಯೋಜನವಿಲ್ಲ. ಚೆನ್ನಾಗಿತ್ತು. ನನ್ನ ಕಾಲೂ ತಾಳ ಹಾಕುತ್ತಿತ್ತು. ನನ್ನದೇ ಬೇಸ್, ಕಾಲು ಕಟ್ಟಿದರೂ ಓಡುತ್ತಿತ್ತು.

ಪ್ರೋಸರ್ ಪೆನ್ನು ಕೊಟ್ಟ. "ನೋಡಿದೆಯಲ್ಲ? ಇವರಿಗೆ ಬೇಕಿರೋದು ಇದೇ."

"ಇನ್ನೊಂದನ್ನ ಇವರಿಗೆ ಕೇಳಿಸಿದ್ದೀರಾ?"

"ಯಾಕೆ ಕೇಳಿಸಲಿ?"

ಪೆನ್ನು ಕೌಂಟರಿನ ಮೇಲಿಟ್ಟೆ. "ನೀವು ಒಳ್ಳೇದನ್ನ ತರ್ತಿದ್ದೀರಿ, ಇಲ್ಲ ಅನ್ನಲ್ಲ. ಆದ್ರೆ ಇದು ನಾನು ಮಾಡಿದ್ದಲ್ಲ. ಸಹಿ ಹಾಕಲ್ಲ."

"ಇನ್ನೊಂದು ಸಲ ನಾನು ಕೇಳಲ್ಲ, ತಿಳ್ಕೋ."

"ಒಳ್ಳೇದಾಯ್ತು. ಇನ್ನೊಂದು ಸಲ ಬೇಡ ಅನ್ನೋದು ತಪ್ಪುತ್ತೆ."

ಹುಡುಗರು ದಾರಿ ಬಿಟ್ಟರು. ಹೊರಗೆ ಬಂದು ತರಕಾರಿ ಗಾಡಿಗಳ ಮಧ್ಯೆ ನಿಂತೆ. ಜರ್ಮೇನ್‌ನ ರೆಕಾರ್ಡನ್ನೂ ನಾನೇ ಕೊಂದೆ. ಗೊತ್ತು. ಗೊತ್ತಿದ್ದೇ ಮಾಡಿದೆ.

ಮಾರ್ಚ್ 19, ಭಾನುವಾರ

ರೇಡಿಯೋದಲ್ಲಿ ಜರ್ಮೇನ್ ಇಲ್ಲ. ಬರೀ ಟೇಪ್ ಓಡುತ್ತಿತ್ತು. ಅಮ್ಮ ಆರಿಸಿದಳು. ನಾನು ಮತ್ತೆ ಹಾಕಿದೆ.

ಏಪ್ರಿಲ್ 2, ಭಾನುವಾರ

ಬರೆದಿಡಬೇಕು. ಎಲ್ಲವನ್ನೂ.

ಕಳೆದ ವಾರ ನನ್ನ ಟ್ರ್ಯಾಕನ್ನು, ಗೆರೆ ಇರುವುದನ್ನು, ಒಂದು ಡಿಸ್ಕಿಗೆ ಕೊರೆಸಿದ್ದೆ. ಒಂದೇ ಒಂದು ಪ್ರತಿ. ಇವತ್ತು ಅದನ್ನು ಹಿಡಿದು ಲಿಂಟನ್ ಅಂಕಲ್‌ನ ಫ್ಲಾಟಿಗೆ ಹತ್ತಿದೆ. ಗೋಡೆಗೆಲ್ಲ ಕಂಬಳಿ ಹೊಡೆದ ಮಲಗುವ ಕೋಣೆ, ಅದೇ ಸ್ಟೇಷನ್. ಜರ್ಮೇನ್‌ನ ಜಾಗ ಇವತ್ತೂ ಖಾಲಿ.

"ಒಂದು ಡಿಸ್ಕ್ ಹಾಕ್ಲಾ ಅಂಕಲ್?"

"ನಿಮ್ಮಿಬ್ಬರ ಜಗಳ ನನ್ನ ಸ್ಟೇಷನ್ನಿಗೆ ತರ್ಬೇಡ, ತಾಯಿ."

"ಜಗಳ ಅಲ್ಲ. ಟ್ರ್ಯಾಕ್."

ಸೂಜಿ ಇಟ್ಟೆ. ಮೈಕಿನಲ್ಲಿ ಹೇಳಿದೆ: ಡ್ರಮ್ ಜರ್ಮೇನ್ ಲವೆಲ್, ಬೇಸ್ ಮಾರ್ವಾ ಫ್ರೆಡರಿಕ್. ಎರಡು ಹೆಸರೂ ನೆಟ್ಟಗೆ ಬಂದವು.

ಗೆರೆ ಏರಿತು. ಲಿಂಟನ್ ಅಂಕಲ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದರು. ಆಮೇಲೆ ಇಳಿಯತೊಡಗಿತು... ಇನ್ನೂ ಇಳಿಯಿತು... ಡ್ರಮ್ ಮಾತ್ರ ಉಳಿಯಿತು. ಅವರು ಥಟ್ಟನೆ ಎದ್ದು ವೈರ್‌ಗೆ ಕೈ ಹಾಕಿದರು. "ಬೇಸ್ ಹೋಯ್ತು, ಎಲ್ಲೋ ಸಡಿಲ ಆಗಿದೆ."

ಅವರ ಮಣಿಕಟ್ಟು ಹಿಡಿದೆ. "ಮುಟ್ಟಬೇಡಿ."

"ಏ, ಹುಡುಗಿ—"

"ಮುಟ್ಟಬೇಡಿ ಅಂಕಲ್. ಬರುತ್ತೆ."

ನನ್ನ ತಂದೆಯ ವಯಸ್ಸಿನವರು. ಆದರೂ ನಾನು ಕೈ ಬಿಡಲಿಲ್ಲ. ಬೇಸ್ ಅಡಿಯಿಂದ ಒಮ್ಮೆ ಬಾಯಿ ತೆರೆಯಿತು, ಇಡೀ ಕೋಣೆ ಮುಂದಕ್ಕೆ ವಾಲಿದಂತೆ. ಮತ್ತೆ ಮುಚ್ಚಿತು. ಆಮೇಲೆ ಗೆರೆ ಏರಿತು, ಏರಿತು, ಕಂಬಳಿಗಳು ಗೋಡೆಯಲ್ಲೇ ನಡುಗಿದವು. ಅವರು ಮೆಲ್ಲಗೆ ಕೂತರು. "ಅಯ್ಯೋ ದೇವರೇ," ಎಂದರು, ಚರ್ಚಿನಲ್ಲಿ ಹೇಳುವ ಹಾಗೆ.

ಸ್ಟೇಷನ್ನಿನ ಮೊಬೈಲ್ ಮೇಜಿನ ಮೇಲಿತ್ತು. ಕೇಳುಗರಿಗೆ ಟ್ರ್ಯಾಕ್ ಹಿಡಿಸಿ, ಇನ್ನೊಮ್ಮೆ ಮೊದಲಿಂದ ಬೇಕೆನಿಸಿದರೆ ಮಿಸ್ಡ್ ಕಾಲ್ ಕೊಡುತ್ತಾರೆ. ಯಾರೂ ಮಾತಾಡುವುದಿಲ್ಲ, ನಂಬರ್ ಮಿನುಗಿದರೆ ಸಾಕು. ನಾನು ಅದರ ಕಡೆ ನೋಡಬಾರದೆಂದು ಹಟ ಹಿಡಿದಿದ್ದೆ. ಒಂದೂ ಬರದಿದ್ದರೂ ಈ ಟ್ರ್ಯಾಕ್ ಹೀಗೇ ಇರುತ್ತದೆ ಅಂತ.

ಮೊದಲು ಬಂದದ್ದು ನಿಜವಾದ ಕಾಲ್. ಯಾರೋ ಹೆಂಗಸು. "ನಿಮ್ಮ ರೇಡಿಯೋ ಕೆಟ್ಟಿತ್ತಾ ನಡುವೆ?" ಇಲ್ಲಮ್ಮಾ, ಬೇಕಂತಲೇ ಎಂದೆ. ಫೋನ್ ಇಟ್ಟಳು. ಆಮೇಲೆ ಒಂದು ಮಿಸ್ಡ್ ಕಾಲ್. ಇನ್ನೊಂದು. ಹೆಚ್ಚೇನಿಲ್ಲ. ಇಸ್ತ್ರಿ ಹಾಕಿದ್ದಕ್ಕೆ ಇದಕ್ಕಿಂತ ಎಷ್ಟೋ ಜಾಸ್ತಿ ಬಂದಿರಬೇಕು.

ಲಿಂಟನ್ ಅಂಕಲ್ ಫೋನನ್ನು ನನ್ನ ಕಡೆ ತಿರುಗಿಸಿದರು. "ಇದು ಯಾರ ನಂಬರು, ನೋಡು."

ಜರ್ಮೇನ್.

ಒಂದು ಸಲ ಮಿನುಗಿ ಆರಿತು, ಅಷ್ಟೇ. ನಾನು ಡಿಸ್ಕನ್ನು ಹಿಂದಕ್ಕೆ ತಿರುಗಿಸಿ ಮೊದಲಿಂದ ಹಾಕಿದೆ.

ಏಪ್ರಿಲ್ 4, ಮಂಗಳವಾರ

ಪ್ರೋಸರ್‌ನಿಂದ ಸುದ್ದಿ ಇಲ್ಲ. ಬರುವುದೂ ಇಲ್ಲ. ಸ್ಟ್ರೆಥಮ್ಮಿನ ಒಬ್ಬ ಡಿಜೆ ಗೆರೆ ಇರುವುದರ ಪ್ರತಿ ಬೇಕೆಂದು ಲಿಂಟನ್ ಅಂಕಲ್‌ಗೆ ಹೇಳಿದ್ದಾನೆ. ಒಬ್ಬನೇ. ಕೊರೆಸಿ ಕೊಡುತ್ತೇನೆ, ಎರಡು ಹೆಸರು ಬರೆದು.

ಪಾಳಿ ಮುಗಿಸಿ ಬಂದರೆ ಜರ್ಮೇನ್ ನನ್ನ ಕುರ್ಚಿಯಲ್ಲಿ ಕೂತಿದ್ದ. ಅಮ್ಮ ಒಳಗೆ ಬಿಟ್ಟಿದ್ದಾಳೆ. ಅವನು ಕ್ಷಮೆ ಕೇಳಲಿಲ್ಲ. ನಾನೂ ಕೇಳಲಿಲ್ಲ.

"ಆ ನಿಧಾನದ ಜಾಗದಲ್ಲಿ ನನ್ನ ಡ್ರಮ್ ಬೇಡ ಅನ್ಸುತ್ತೆ," ಎಂದ. "ತೆಗೆದುಬಿಡೋಣ."

"ಬೇಡ. ಡ್ರಮ್ ಇದ್ರೆ ತಾನೇ ಬೇಸ್ ಎಷ್ಟು ನಿಧಾನ ಅಂತ ಗೊತ್ತಾಗೋದು?"

"ಒಂದ್ಸಲ ಕೇಳು."

"ಬೇಡ ಅಂದೆ."

"ನಿನ್ನ ಗೆರೆ ಮುಟ್ಟಿದ್ರೆ ಅಷ್ಟು ರಂಪ. ಈಗ ನನ್ನ ಡ್ರಮ್ಮನ್ನ ನಾನೇ ಮುಟ್ಟೋ ಹಾಗಿಲ್ವಾ?"

ಮೌಸ್ ಕಿತ್ತುಕೊಂಡ. ನಾನು ವಾಪಸ್ ಕಿತ್ತುಕೊಂಡೆ. ಈಗ ಕೆಳಗೆ ಅಮ್ಮನ ಹತ್ತಿರ ದೂರು ಹೇಳುತ್ತಿದ್ದಾನೆ. ಅವಳು ಊಟಕ್ಕೆ ಬಡಿಸುತ್ತಿದ್ದಾಳೆ, ತಟ್ಟೆಯ ಸದ್ದು. ಅಷ್ಟರಲ್ಲಿ ಇದನ್ನು ಬರೆಯುತ್ತಿದ್ದೇನೆ.

ಡ್ರಮ್ ತೆಗೆದು ಒಂದು ಸಲ ಕೇಳಿದೆ, ಮೆಲ್ಲಗೆ, ಅವನಿಗೆ ಗೊತ್ತಾಗದ ಹಾಗೆ. ದರಿದ್ರದವನು ಹೇಳಿದ್ದು ಸರಿ. ಮೆಟ್ಟಿಲು ಹತ್ತಿ ಬರುತ್ತಿದ್ದಾನೆ. ಡ್ರಮ್ ಅವನಿಷ್ಟ, ತೆಗೆಯಲಿ. ಆದರೆ ಗೆರೆಯ ಒಂದು ಚುಕ್ಕಿ ಮುಟ್ಟಿದರೂ —