ಚೀಲಕ್ಕೆ ದಿನಾ ಹೊಸ ಹಾಲು

ಎಲ್ದಾರನ ಅಪ್ಪಾ,

ನಾನು ನಿಮ್ಮಣ್ಣನ ಮನೆಗೆ ಹೊರಟೆ, ರಾತ್ರಿ ವಾಪಸು ಬರುತ್ತೇನೆ. ನಾಳೆಗೆ ಮಾವನವರು ತೀರಿಕೊಂಡು ನಲವತ್ತನೇ ದಿನ. ಬಂದವರಿಗೆ ಹಂಚುವ ಬೋರ್ಸೋಕ್ ರೊಟ್ಟಿಗೆ ಹಿಟ್ಟು ಕಲಸಿ ಕರಿಯಲು ಅಲ್ಲಿ ಜನ ಸಾಲದು. ಚಹಾ ಫ್ಲಾಸ್ಕಿನಲ್ಲಿದೆ.

ಮಧ್ಯಾಹ್ನ ಕುದುರೆ ಹಾಲು ಕರೆದು ಚರ್ಮದ ಚೀಲಕ್ಕೆ ಸುರಿಯಿರಿ. ಕರೆಯುವ ಮೊದಲು ಮರಿಯನ್ನು ಕುಡಿಯಲು ಬಿಡಿ, ಇಲ್ಲವಾದರೆ ಒದೆ ತಿನ್ನುತ್ತೀರಿ. ಆಮೇಲೆ ಸಂಜೆಯವರೆಗೆ ಆಗಾಗ ಕಡೆಯುತ್ತಿರಿ. ಹೋದ ವಾರ ನಾನಿಲ್ಲದಾಗ ಎರಡು ದಿನ ಕಡೆಯದೆ ಬಿಟ್ಟಿರಿ, ಚೀಲದಲ್ಲಿ ಹುಳಿ ಬರುತ್ತಿದ್ದ ಕುಮಿಸ್ ಒಡೆದು ನೀರು ಮೇಲೆ ನಿಂತಿತ್ತು. "ಕೆಟ್ಟೋಯ್ತು, ಚೆಲ್ಲಿಬಿಡು" ಅಂದಿರಿ. ನಾನು ಚೆಲ್ಲಲಿಲ್ಲ. ಹೊಸ ಹಾಲು ಹುಯ್ದು ರಟ್ಟೆ ನೋಯುವಷ್ಟು ಕಡೆದೆ. ಈಗ ಒಂದು ಬಟ್ಟಲು ಕುಡಿದು ನೋಡಿ.

ಕ್ರಿಸ್ತನನ್ನು ನಂಬಿದವನು ಅಂತ ಅಪ್ಪನ ಶವಕ್ಕೆ ಹೆಗಲು ಕೊಡಲು ನಿಮ್ಮಣ್ಣ ನಿಮ್ಮನ್ನು ಬಿಡಲಿಲ್ಲ. ನನಗೂ ಅವತ್ತು ಹೊಟ್ಟೆ ಉರಿಯಿತು. ಆದರೆ ಅವತ್ತಿನಿಂದ ನೀವು ಒಂದು ದಿನವೂ ಪ್ರಾರ್ಥನೆಗೆ ಕೂತಿಲ್ಲ. ಕೇಳಿದರೆ, "ಹನ್ನೆರಡು ವರ್ಷದ ಹಿಂದೇನೇ ನಾರಿನ್ ಹೊಳೇಲಿ ಮುಳುಗಿ ದೀಕ್ಷಾಸ್ನಾನ ತಗೊಂಡಿದೀನಲ್ಲ, ಸಾಕು ಬಿಡು" ಅಂತೀರಿ. ಹನ್ನೆರಡು ವರ್ಷದ ಹಿಂದಿನ ಹಾಲು ಯಾರು ಕುಡಿಯುತ್ತಾರೆ?

ಸುವಾರ್ತೆಯ ಪುಸ್ತಕವನ್ನು ರಜಾಯಿಗಳ ಅಡಿಯಿಂದ ತೆಗೆದು ಚೀಲದ ಪಕ್ಕ ಇಟ್ಟಿದ್ದೇನೆ. ಕಡೆಯುವಾಗ ಕೈಗೆ ಬಿಡುವಿರುವುದಿಲ್ಲ, ಬಾಯಿಗೆ ಇರುತ್ತದೆ. ದೇವರ ಹತ್ತಿರ ಎರಡು ಮಾತಾಡಿ, ಜಗಳವಾದರೂ ಸರಿ.

ನಿಮ್ಮಣ್ಣ ಬಾಗಿಲಲ್ಲೇ "ಮತ್ತೆ ಬಂದ್ಯಾ" ಅಂತಾರೆ. "ಬಂದೆ ಭಾವ, ನಾಳೆ ಇವ್ರನ್ನೂ ಕರ್ಕೊಂಡು ಬರ್ತೀನಿ" ಅಂತ ಹೇಳುವವಳಿದ್ದೇನೆ.

ನಾಳೆ ಹಾಕಿಕೊಳ್ಳಲು ನಿಮ್ಮ ಬಿಳಿ ಟೋಪಿ ಉಜ್ಜಿ, ಬಾಗಿಲ ಗೂಟಕ್ಕೆ ಹಾಕಿದ್ದೇನೆ.

ಬುಬುಸಾರಾ