ಎಣ್ಣೆ ಕಾದರೆ ನಿಲ್ಲದ ಪ್ರೆಸ್

ಅಥಣಿ ರಸ್ತೆ, ವಿಜಾಪುರ
೧೮-೫-೧೯೭೬

ಪ್ರೀತಿಯ ಕಾಶಿಗೆ,

ನೀನೂ ಕೂಸೂ ಕನಮಡಿಯ ತವರಿನಲ್ಲಿ ಆರಾಮವಾಗಿದ್ದೀರೆಂದು ನಂಬಿ ಬರೆಯುತ್ತಿದ್ದೇನೆ. ಕಾಗದ ತಡವಾಯಿತು. ಮಗಳನ್ನು ತೊಟ್ಟಿಲಿಗೆ ಹಾಕುವ ದಿನ ಅಪ್ಪನೇ ಬರಲಿಲ್ಲವೆಂದು ನಿಮ್ಮವರು ಆಡಿಕೊಂಡಿರಬೇಕು. ನಿನ್ನ ಅಣ್ಣ ಸಿದ್ದರಾಯನ ಪಂಕ್ತಿಯಲ್ಲಿ ಕೂತು ಉಣ್ಣುವುದು ನನ್ನಿಂದ ಆಗುತ್ತಿರಲಿಲ್ಲ. ಅವನು ಅಲ್ಲಿ ಏನು ಹೇಳಿದ್ದಾನೋ ಗೊತ್ತಿಲ್ಲ, ನಡೆದದ್ದು ಇದು.

ಹತ್ತಿಯನ್ನು ಒತ್ತಿ ಅಂಡಿಗೆ ಕಟ್ಟಲು ನಾನೂ ಅವನೂ ಕೂಡಿ ಹೈಡ್ರಾಲಿಕ್ ಪ್ರೆಸ್ ಮಾಡಿದೆವಲ್ಲ, ಅದನ್ನು ಇಳಿಸಿ ನಿಲ್ಲಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆಯನ್ನು ಪುಣೆಗೆ ಒಯ್ದು ಪರೀಕ್ಷಿಸಿದ್ದೆ. ಅಲ್ಲಿಯ ಒಂದು ಕಾಲೇಜಿನಲ್ಲಿ ಅನಲಾಗ್ ಕಂಪ್ಯೂಟರ್ ಇದೆ. ಪ್ರೆಸ್ಸಿನ ಎಣ್ಣೆ, ಒತ್ತಡ, ಭಾರ ಎಲ್ಲವನ್ನೂ ಅದು ಬರೀ ವಿದ್ಯುತ್ತಿನಲ್ಲೇ ನಟಿಸುತ್ತದೆ. ಪೆಟ್ಟಿಗೆಯೋ ನಿಜವಾದ ಪ್ರೆಸ್ಸನ್ನೇ ನಡೆಸುತ್ತಿದ್ದೇನೆಂದು ತಿಳಿಯುತ್ತದೆ. ತಣ್ಣನೆಯ ಎಣ್ಣೆಗೆ ಎಲ್ಲ ಸರಿ ಇತ್ತು. ನಮ್ಮ ಬೇಸಿಗೆಯಲ್ಲಿ ಎಣ್ಣೆ ಕಾದು ತೆಳುವಾಗುತ್ತದಲ್ಲ, ಅದಕ್ಕೆ ತಕ್ಕಂತೆ ಕಂಪ್ಯೂಟರಿನ ಗುಂಡಿ ತಿರುಗಿಸಿದಾಗ, ನಿಲ್ಲೆಂದರೂ ಪ್ರೆಸ್ ಇನ್ನೊಂದು ಗೇಣು ಇಳಿಯುತ್ತದೆಂದು ಪರದೆಯ ಗೆರೆ ತೋರಿಸಿತು. ಸಿದ್ದರಾಯ ಪಕ್ಕದಲ್ಲೇ ನಿಂತು ನೋಡಿದ. ಇದನ್ನು ಯಾರಿಗೂ ಕೊಡಬಾರದು ಎಂದೆ. ಆಗಲಿ ಎಂದ.

ಹಳೆಯದನ್ನು ಊರಿಗೆ ತಂದಿಟ್ಟು, ಬೇರೆ ಪೆಟ್ಟಿಗೆ ಮಾಡಲು ನಾನು ಪುಣೆಗೆ ಮರಳಿದೆ. ಹಂಗಾಮು ಮುಗಿದರೆ ಗಿರಾಕಿ ಕೈಬಿಟ್ಟಾನೆಂದು ಅವನು ಹಳೆಯದನ್ನೇ ತಿಕೋಟಾದ ಹತ್ತಿ ಗಿರಣಿಯಲ್ಲಿ ಕೂಡಿಸಿದ. ಮೊದಮೊದಲು ಚೆನ್ನಾಗಿಯೇ ನಡೆಯಿತಂತೆ. ಒಂದು ಉರಿಬಿಸಿಲಿನ ಮಧ್ಯಾಹ್ನ, ಪ್ರೆಸ್ ನಿಂತಿತೆಂದು ತಿಳಿದು ಪೀರಸಾಬ ಎಂಬ ಕೆಲಸಗಾರ ಹತ್ತಿ ಸರಿಮಾಡಲು ಕೈ ಹಾಕಿದ. ಬಲಗೈ ಮಣಿಕಟ್ಟಿನವರೆಗೆ ಹೋಯಿತು.

ಸುದ್ದಿ ಕೇಳಿ ನೇರ ದವಾಖಾನೆಗೆ ಬಂದೆ. ಪೀರಸಾಬ ಗೋಡೆಯ ಕಡೆ ಮುಖಮಾಡಿ ಮಲಗಿದ್ದ. ಅವನ ಹೆಂಡತಿ ಆಶಾಬಿ ಎದ್ದು ನಿಂತಳು.

“ಸಿದ್ದರಾಯ ಸಾವಕಾರ್ರು ಹೇಳ್ಯಾರ್ರಿ, ನೀವ ಪುಣೇದಾಗ ಪಾಸ್ ಮಾಡೀರಂತ. ನಿಮ್ಮನ್ನ ನಂಬಿ ಕೈ ಹಾಕ್ಯಾರ್ರಿ ನಮ್ಮನಿಯವರು.”

ಪೊಲೀಸರೆದುರೂ ಸಿದ್ದರಾಯ ಹಾಗೇ ಹೇಳಿದ್ದಾನೆ. ಮರುದಿನ ಗಿರಣಿಗೆ ಹೋಗಿ, ಪೆಟ್ಟಿಗೆ ಬಿಚ್ಚಿಸಿ, ಪುಣೆಯಲ್ಲಿ ಕಂಡದ್ದನ್ನು ಎಲ್ಲರ ಮುಂದೆ ಹೇಳಿದೆ. ನಂಬಿದರೋ ಇಲ್ಲವೋ. ಪೀರಸಾಬನಿಗೂ ಹೇಳಿದೆ; ಅವನು ತಿರುಗಿ ನೋಡಲಿಲ್ಲ. ಸಿದ್ದರಾಯನ ಜೊತೆಗಿನ ಪಾಲುದಾರಿಕೆ ಮುಗಿಯಿತು. ಬಬಲೇಶ್ವರದ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವ ಕೆಲಸ ಕೇಳಿದ್ದೇನೆ.

ಬಾಣಂತಿ ಮೈ, ತಂಗಾಳಿಗೆ ಕೂಡಬೇಡ. ಕೂಸು ಯಾರನ್ನು ಹೋಲುತ್ತದೋ, ನೋಡುವ ಆಸೆ ಬಹಳ. ಅದಕ್ಕೆ ತುಂಬು ಆಯುಷ್ಯ, ಒಳ್ಳೆಯ ನಿದ್ದೆ ಸಿಗಲಿ.

ನಿನ್ನ
ಶಿವಯೋಗೆಪ್ಪ

ತಾ.ಕ.: ಆ ಹಳೆಯ ಪೆಟ್ಟಿಗೆಯನ್ನು ನಾನು ನಮ್ಮ ಕಾರ್ಖಾನೆಯಲ್ಲಿ ಬಿಟ್ಟಿರಲಿಲ್ಲ. ಇದು ಮಂದಿಯ ಕೈ ತಿಂದೀತು, ಯಾರು ಕೇಳಿದರೂ ಕೊಡಬೇಡ ಎಂದು ನಿನ್ನ ವಶಕ್ಕೇ ಕೊಟ್ಟು ಹೋಗಿದ್ದೆ. ನಿನ್ನನ್ನು ಹೆರಿಗೆಗೆ ಕರೆದೊಯ್ಯಲು ಬಂದಾಗ ನಿನ್ನ ಅಣ್ಣ ಕದ್ದನೆಂದೇ ಇಷ್ಟು ದಿನ ತಿಳಿದಿದ್ದೆ. ನಿನ್ನೆ ಹಾಗೆಂದಾಗ ಅವನು ನಕ್ಕ. “ಕಳವು ಯಾಕ ಮಾಡಲಿಪಾ? ಅಕಿಗೆ ಎಲ್ಲಾ ಗೊತ್ತಿತ್ತು. ಆದ್ರೂ ಕೈಯಾರೆ ತಗದ ಕೊಟ್ಟಾಳ.”

ಅಣ್ಣ ಹೇಳಿದ್ದು ಸುಳ್ಳೆಂದು ನೀನು ಬರೆದರೆ ನಾನು ನಂಬಿಬಿಡುತ್ತೇನೆ, ಕಾಶಿ. ಅದಕ್ಕೇ, ನಿಜವಿದ್ದದ್ದನ್ನೇ ಬರೆ.